ಪಾದದ ಗಂಟೆಲ್ಲ ನರಹುಲಿಯಲ್ಲ

ಅಂಗಾಲಿನಲ್ಲೋ ಕಾಲ್ಬೆರಳಿನ ಬದಿಯಲ್ಲೋ ಸಣ್ಣದೊಂದು ಗಂಟು ಎದ್ದರೆ ಸಾಕು, ಮನೆಯಲ್ಲಿ ಅದಕ್ಕೆ ತಕ್ಷಣ ಒಂದು ಹೆಸರು ಸಿಕ್ಕಿಬಿಡುತ್ತದೆ. "ಅದು ನರಹುಲಿ, ಮುಟ್ಟಬೇಡ, ಹರಡುತ್ತದೆ" ಎನ್ನುತ್ತಾರೆ ಅತ್ತೆ. "ಆಣಿ ಇರಬೇಕು, ಬ್ಲೇಡಿನಿಂದ ಕೆತ್ತಿಬಿಡು" ಎನ್ನುತ್ತಾರೆ ನೆರೆಮನೆಯವರು. ಮೆಡಿಕಲ್ ಅಂಗಡಿಯವರು ಕೇಳಿದ ಕೂಡಲೇ ಒಂದು ಪ್ಲಾಸ್ಟರ್ ಕೊಡುತ್ತಾರೆ. ಇಷ್ಟೆಲ್ಲ ಆದರೂ ಆ ಗಂಟನ್ನು ಬೆಳಕಿನಲ್ಲಿ ಹಿಡಿದು ಸರಿಯಾಗಿ ನೋಡಿದವರು ಮಾತ್ರ ಯಾರೂ ಇರುವುದಿಲ್ಲ.

ಮಕ್ಕಳಿಗೆ ಸ್ವಲ್ಪ ಜ್ವರ ಬಂದರೂ ಅದೇ ದಿನ ವೈದ್ಯರ ಬಳಿಗೆ ಓಡುವ ತಾಯಂದಿರು ತಮ್ಮ ಕಾಲಿನ ಗಂಟನ್ನು ವರ್ಷಗಟ್ಟಲೆ ಸಹಿಸಿಕೊಂಡು ಅಡುಗೆ ಮನೆಯಲ್ಲಿ ಕುಂಟುತ್ತಾ ಓಡಾಡುವುದನ್ನು ನಾವು ನೋಡುತ್ತೇವೆ. ಇಷ್ಟು ಸಣ್ಣ ವಿಷಯಕ್ಕೆ ವೈದ್ಯರಲ್ಲಿಗೆ ಹೋಗುವುದೇ ಎಂಬ ಸಂಕೋಚ ಅವರಿಗೆ. ನೋವು ತಡೆಯಲಾಗದೆ ಹೋದಾಗ ಬ್ಲೇಡು, ಸುಣ್ಣ, ಆಸಿಡ್ ಹೀಗೆ ಕೈಗೆ ಸಿಕ್ಕಿದ್ದನ್ನು ಪ್ರಯೋಗಿಸುತ್ತಾರೆ. ಗಂಟಿನಿಂದ ಆಗದ ತೊಂದರೆ ಈ ಪ್ರಯೋಗದಿಂದ ಆಗುತ್ತದೆ.

ಪಾದದ ಮೇಲೆ ಏಳುವ ಗಂಟುಗಳಲ್ಲಿ ಹೆಚ್ಚಿನವು ಅಪಾಯವಿಲ್ಲದವು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅವೆಲ್ಲವೂ ಒಂದೇ ಜಾತಿಯವಲ್ಲ. ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ಹಾನಿ ಮಾಡಬಹುದು. ಆದ್ದರಿಂದ ಮೊದಲು ಗುರುತಿಸುವುದು, ಆಮೇಲೆ ಮದ್ದು. ಈ ಕ್ರಮ ತಪ್ಪಬಾರದು.

ನಿಜವಾದ ನರಹುಲಿ ಹೇಗಿರುತ್ತದೆ?

ನರಹುಲಿ ಒಂದು ಸೋಂಕು. ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್ ಚರ್ಮದ ಸಣ್ಣ ಬಿರುಕು ಅಥವಾ ತರಚು ಗಾಯದ ಮೂಲಕ ಒಳಹೊಕ್ಕು ಅಲ್ಲಿನ ಮೇಲ್ಪದರವನ್ನು ಅತಿಯಾಗಿ ಬೆಳೆಯುವಂತೆ ಮಾಡುತ್ತದೆ. ಈ ವೈರಸ್‌ನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಅವುಗಳಲ್ಲಿ ಕೆಲವು ಮಾತ್ರ ಅಂಗಾಲಿನಲ್ಲಿ ನರಹುಲಿ ತರುತ್ತವೆ. ಕೈಯ ಮೇಲೆ ನರಹುಲಿ ಹೂಕೋಸಿನಂತೆ ಮೇಲಕ್ಕೆ ಎದ್ದು ನಿಲ್ಲುತ್ತದೆ. ಅಂಗಾಲಿನಲ್ಲಿ ಹಾಗಲ್ಲ. ಮೈಭಾರವೆಲ್ಲ ಅದರ ಮೇಲೆ ಬೀಳುವುದರಿಂದ ಅದು ಚಪ್ಪಟೆಯಾಗಿ ಒಳಕ್ಕೆ ಒತ್ತಲ್ಪಡುತ್ತದೆ, ಮೇಲೆ ದಪ್ಪ ಚರ್ಮ ಕಟ್ಟಿಕೊಳ್ಳುತ್ತದೆ. ಇದರಿಂದಲೇ ಅದು ಆಣಿಯಂತೆಯೂ, ಆಣಿ ಅದರಂತೆಯೂ ಕಾಣುವುದು.

ಅಂಗಾಲಿನ ಚರ್ಮವನ್ನು ಗಮನವಿಟ್ಟು ನೋಡಿದರೆ ಬೆರಳಚ್ಚಿನಲ್ಲಿರುವಂತಹ ನವಿರಾದ ಗೆರೆಗಳು ಕಾಣುತ್ತವೆ. ನರಹುಲಿಯ ಮೇಲೆ ಈ ಗೆರೆಗಳು ಹಾಯುವುದಿಲ್ಲ. ಹರಿಯುವ ನೀರು ಕಲ್ಲನ್ನು ಬಳಸಿ ಹೋಗುವಂತೆ ಅದನ್ನು ಸುತ್ತಿ ಹೋಗುತ್ತವೆ. ನರಹುಲಿಯೊಳಗೆ ಎಳ್ಳಿನಂತಹ ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ. ಇವನ್ನು "ಬೇರು" ಎಂದು ಕರೆದು ಸೂಜಿಯಿಂದ ಕೀಳಲು ಹೋಗುವವರಿದ್ದಾರೆ. ಅವು ಬೇರಲ್ಲ, ಒಳಗೆ ರಕ್ತ ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳು. ಕೀಳಲು ಹೋದರೆ ರಕ್ತ ಬರುತ್ತದೆ, ವೈರಸ್ ಪಕ್ಕದ ಚರ್ಮಕ್ಕೂ ತಗಲುತ್ತದೆ.

ನರಹುಲಿ ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಹೆಚ್ಚು. ಒದ್ದೆ ನೆಲದಲ್ಲಿ ಹಲವರು ಬರಿಗಾಲಿನಲ್ಲಿ ಓಡಾಡುವ ಹಾಸ್ಟೆಲ್ ಸ್ನಾನಗೃಹ, ಈಜುಕೊಳ ಮುಂತಾದ ಕಡೆ ಇದು ಒಬ್ಬರಿಂದೊಬ್ಬರಿಗೆ ಹರಡುವುದುಂಟು. ಆದರೆ ಇದರಲ್ಲಿ ಸಮಾಧಾನದ ವಿಷಯವೂ ಇದೆ. ಮಕ್ಕಳ ನರಹುಲಿಗಳಲ್ಲಿ ಮೂರರಲ್ಲಿ ಎರಡು ಪಾಲು ಯಾವ ಮದ್ದೂ ಇಲ್ಲದೆ 2 ವರ್ಷಗಳೊಳಗೆ ತಾವಾಗಿಯೇ ಮಾಯವಾಗುತ್ತವೆ. ಮೈಯ ರೋಗನಿರೋಧಕ ಶಕ್ತಿ ವೈರಸನ್ನು ಗುರುತಿಸಿದ ದಿನ ಅದರ ಆಟ ಮುಗಿಯುತ್ತದೆ. ತೋಟದ ಮೂಲೆಯಲ್ಲಿ ಉಪ್ಪು ಹೂತರೆ ನರಹುಲಿ ಹೋಗುತ್ತದೆ ಎಂಬಂತಹ ನಂಬಿಕೆಗಳು ಉಳಿದುಕೊಂಡು ಬಂದಿರುವುದಕ್ಕೂ ಇದೇ ಕಾರಣವಿರಬೇಕು. ಹೋಗಬೇಕಾದ ಸಮಯದಲ್ಲಿ ಅದು ಹೋಗುತ್ತದೆ, ಹೆಸರು ಉಪ್ಪಿಗೆ ಬರುತ್ತದೆ.

ಆಣಿ: ಹೆಸರಿನಲ್ಲೇ ಅರ್ಥವಿದೆ

ನರಹುಲಿ ಎಂದು ತಪ್ಪಾಗಿ ಭಾವಿಸುವ ಗಂಟುಗಳಲ್ಲಿ ಮೊದಲ ಸ್ಥಾನ ಆಣಿಯದು. ಆಣಿ ಎಂದರೆ ಮೊಳೆ. ಕಾಲಿನ ಆಣಿಯೂ ಹಾಗೆಯೇ. ಮೇಲೆ ಅಗಲವಾಗಿ, ಕೆಳಕ್ಕೆ ಚೂಪಾಗಿ ಇಳಿದ ಒಂದು ಗಟ್ಟಿ ತಿರುಳು. ಹೆಜ್ಜೆಯಿಟ್ಟಾಗ ಮೊಳೆ ಚುಚ್ಚಿದಂತೆ ನೋಯುತ್ತದೆ.

ಆಣಿಗೆ ವೈರಸ್ ಕಾರಣವಲ್ಲ. ಅದು ಒತ್ತಡದ ಫಲ. ಒಳಗೆ ಮೂಳೆ, ಹೊರಗೆ ಬಿಗಿಯಾದ ಚಪ್ಪಲಿ ಅಥವಾ ಗಟ್ಟಿ ನೆಲ, ನಡುವೆ ಸಿಕ್ಕಿಕೊಂಡ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ದಪ್ಪಗಾಗುತ್ತದೆ. ದಪ್ಪಗಾದಷ್ಟೂ ಒತ್ತಡ ಹೆಚ್ಚುತ್ತದೆ, ಒತ್ತಡ ಹೆಚ್ಚಿದಷ್ಟೂ ದಪ್ಪಗಾಗುತ್ತದೆ. ಆದ್ದರಿಂದ ಆಣಿ ಅಂಟುವುದಿಲ್ಲ, ಹರಡುವುದಿಲ್ಲ. ಆಣಿಯಿರುವ ಸೊಸೆಯ ಚಪ್ಪಲಿಯನ್ನು ದೂರ ಇಡುವುದಕ್ಕೂ, ಅವಳು ಕಾಲಿಟ್ಟ ನೆಲವನ್ನು ಡೆಟ್ಟಾಲ್ ಹಾಕಿ ಒರೆಸುವುದಕ್ಕೂ ಯಾವ ಅರ್ಥವೂ ಇಲ್ಲ.

ಒತ್ತಡ ಒಂದೇ ಬಿಂದುವಿನಲ್ಲಿ ಬಿದ್ದರೆ ಆಣಿ, ಅಗಲವಾಗಿ ಬಿದ್ದರೆ ಚರ್ಮ ದಡ್ಡುಗಟ್ಟುತ್ತದೆ. ಹಿಮ್ಮಡಿಯ ಅಂಚು, ಹೆಬ್ಬೆರಳಿನ ಬುಡ ಮತ್ತು ಬೆರಳುಗಳ ಕೆಳಗಿನ ಉಬ್ಬಿನ ಮೇಲೆ ದಡ್ಡು ಸಾಮಾನ್ಯ. ಗ್ರಾನೈಟ್ ಮತ್ತು ಟೈಲ್ಸ್ ನೆಲದ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಬರಿಗಾಲಿನಲ್ಲಿ ನಿಂತು ಕೆಲಸ ಮಾಡುವ ಗೃಹಿಣಿಯರಿಗೆ ಇದು ಚೆನ್ನಾಗಿ ಗೊತ್ತು. ದಡ್ಡಿನ ಮೇಲೆ ಚರ್ಮದ ಗೆರೆಗಳು ಮುರಿಯದೆ ಹಾಗೆಯೇ ಹಾದುಹೋಗುತ್ತವೆ ಎಂಬುದನ್ನು ನೆನಪಿಡಿ. ನರಹುಲಿಗೂ ಅದಕ್ಕೂ ಇರುವ ಮುಖ್ಯ ವ್ಯತ್ಯಾಸವಿದು.

ಆಣಿಯಲ್ಲಿ ಇನ್ನೊಂದು ಬಗೆಯಿದೆ. ನಾಲ್ಕನೇ ಬೆರಳು ಮತ್ತು ಕಿರುಬೆರಳಿನ ಸಂದಿಯಲ್ಲಿ ಬಿಳಿಯಾಗಿ, ಮೆತ್ತಗೆ, ಒದ್ದೆ ಒದ್ದೆಯಾಗಿರುವ ಆಣಿ. ಎರಡು ಬೆರಳುಗಳ ಮೂಳೆಗಳು ಒಂದಕ್ಕೊಂದು ಒತ್ತಿ ಅಲ್ಲಿ ಚರ್ಮ ದಪ್ಪವಾಗಿರುತ್ತದೆ, ಬೆವರು ಅದನ್ನು ನೆನೆಸಿ ಮೆತ್ತಗಾಗಿಸಿರುತ್ತದೆ. ಇದನ್ನು ಕೆಲವರು ನರಹುಲಿ ಎಂದೂ, ಕೆಲವರು ನೀರಿನಲ್ಲಿ ನಿಂತು ಬಂದ ಕೆಸರುಹುಣ್ಣು ಎಂದೂ ಭಾವಿಸಿ ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತಾರೆ. ಮುಂಭಾಗ ಅಗಲವಾದ ಪಾದರಕ್ಷೆ ಧರಿಸಿ, ಬೆರಳುಗಳ ನಡುವೆ ಸ್ವಲ್ಪ ಹತ್ತಿ ಅಥವಾ ಮೆತ್ತನೆಯ ಸ್ಪಾಂಜ್ ಇಟ್ಟು ಸಂದಿಯನ್ನು ಒಣಗಿಸಿಕೊಂಡರೆ ಅರ್ಧ ಸಮಸ್ಯೆ ಮುಗಿಯಿತು.

ಕುಳಿತುಕೊಳ್ಳುವ ಭಂಗಿಯ ಗುರುತುಗಳು

ಪಾದದ ಮೇಲ್ಭಾಗದಲ್ಲಿ ಮತ್ತು ಹರಡಿನ ಹೊರಬದಿಯ ಮೂಳೆಯ ಮೇಲೆ ಕಪ್ಪಗೆ, ದಪ್ಪಗೆ, ಒರಟಾಗಿ ಏಳುವ ಚರ್ಮವನ್ನೂ ಕೆಲವರು ನರಹುಲಿಯೆಂದು ಹೆದರುತ್ತಾರೆ. ನಮಾಝ್‌ನಲ್ಲಿ ಕುಳಿತುಕೊಳ್ಳುವಾಗ ಮಡಚಿದ ಕಾಲಿನ ಈ ಭಾಗಗಳು ದಿನಕ್ಕೆ ಹಲವು ಬಾರಿ ನೆಲಕ್ಕೆ ಒತ್ತುತ್ತವೆ. ವರ್ಷಗಳು ಕಳೆದಂತೆ ಅಲ್ಲಿ ಚರ್ಮ ಗಟ್ಟಿಯಾಗುತ್ತದೆ. ಹಣೆ ಮತ್ತು ಮೊಣಕಾಲಿನ ಮೇಲೂ ಇಂತಹ ಗುರುತು ಬೀಳುತ್ತದೆ. ಸೌದಿ ಅರೇಬಿಯದ ವೈದ್ಯರು 2002ರಲ್ಲಿ ಈ ಗುರುತುಗಳ ಕುರಿತೇ ಒಂದು ಅಧ್ಯಯನವನ್ನು ಪ್ರಕಟಿಸಿದ್ದಾರೆ. ಇದು ರೋಗವಲ್ಲ, ಸೋಂಕೂ ಅಲ್ಲ.

ನಮ್ಮ ಕರಾವಳಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ದಿನವಿಡೀ ಚಕ್ಕಳಮಕ್ಕಳ ಹಾಕಿ ಬೀಡಿ ಕಟ್ಟುವ ಸಹೋದರಿಯರ ಹರಡಿನ ಮೇಲೂ ಇದೇ ಗುರುತು ಕಾಣುತ್ತದೆ. ನೆಲದಲ್ಲಿ ಕುಳಿತು ಕಸೂತಿ ಹಾಕುವವರಿಗೂ ಅಷ್ಟೆ. ಇದಕ್ಕೆ ಬೇಕಾದುದು ಆಸಿಡ್ ಅಲ್ಲ, ಮೆತ್ತನೆಯ ಆಸನ. ನಮಾಝ್‌ನ ಚಾಪೆಯ ಕೆಳಗೆ ಸ್ವಲ್ಪ ದಪ್ಪ ಜಮಖಾನೆ ಹಾಸಿಕೊಳ್ಳಿ. ಬೀಡಿ ಕಟ್ಟುವಾಗ ಕಾಲಿನ ಕೆಳಗೆ ಮಡಚಿದ ಬಟ್ಟೆ ಇಟ್ಟು, ಅರ್ಧ ಗಂಟೆಗೊಮ್ಮೆ ಕಾಲು ಬದಲಿಸಿ. ರಾತ್ರಿ ಮಲಗುವ ಮುನ್ನ ಸ್ವಲ್ಪ ವ್ಯಾಸಲಿನ್ ಅಥವಾ ತೆಂಗಿನೆಣ್ಣೆ ಸವರಿ. ಚರ್ಮ ನಿಧಾನವಾಗಿ ಮೃದುವಾಗುತ್ತದೆ.

ಹೆಚ್ಚು ಪರಿಚಯವಿಲ್ಲದ ಕೆಲವು ಗಂಟುಗಳು

ಆಣಿ ಮತ್ತು ದಡ್ಡನ್ನು ಹೇಗೋ ಗುರುತಿಸಬಹುದು. ಇನ್ನು ಕೆಲವನ್ನು ಸಾಮಾನ್ಯ ವೈದ್ಯರೂ ಮೊದಲ ನೋಟಕ್ಕೆ ನರಹುಲಿ ಎನ್ನುವುದುಂಟು.

ಬೆರಳಿನ ಬದಿಯಲ್ಲಿ ಅಥವಾ ಹಿಮ್ಮಡಿಯಲ್ಲಿ ಪುಟ್ಟ ಬೆರಳಿನಂತೆ ಚಾಚಿಕೊಂಡು ಬೆಳೆಯುವ, ಚರ್ಮದ್ದೇ ಬಣ್ಣದ ಒಂದು ಗಂಟಿದೆ. ಅದರ ತುದಿ ಗಟ್ಟಿಯಾಗಿರುತ್ತದೆ. ಬುಡದ ಸುತ್ತ ಚರ್ಮ ಅಂಗಿಯ ಕಾಲರಿನಂತೆ ಸ್ವಲ್ಪ ಎದ್ದಿರುತ್ತದೆ. ಇದನ್ನು ಫೈಬ್ರೋಕೆರಟೋಮಾ ಎನ್ನುತ್ತಾರೆ. ಬೆರಳುಗಳಲ್ಲಿ ಕಾಣಿಸುವ ಈ ಗಂಟನ್ನು ವೈದ್ಯರು ಪ್ರತ್ಯೇಕವಾಗಿ ಗುರುತಿಸಿ ಹೆಸರಿಟ್ಟದ್ದು 1968ರಲ್ಲಿ. ಇದರಲ್ಲಿ ವೈರಸ್ ಇಲ್ಲದ ಕಾರಣ ನರಹುಲಿಯ ಮದ್ದು ಎಷ್ಟು ಹಚ್ಚಿದರೂ ಹೋಗುವುದಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಬುಡಸಮೇತ ತೆಗೆದರೆ ಮುಗಿಯಿತು. ಆದರೆ ಉಗುರುಗಳ ಸುತ್ತ ಇಂತಹ ಗಂಟುಗಳು ಹಲವು ಎದ್ದಿದ್ದು, ಆ ವ್ಯಕ್ತಿಗೆ ಅಪಸ್ಮಾರವೂ ಇದ್ದರೆ ವೈದ್ಯರಿಗೆ ಎರಡನ್ನೂ ಸೇರಿಸಿ ಹೇಳಲೇಬೇಕು. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಹುಟ್ಟಿನಿಂದ ಬರುವ ಕಾಯಿಲೆಯಲ್ಲಿ ಇವೆರಡೂ ಒಟ್ಟಿಗೆ ಕಾಣಿಸುತ್ತವೆ.

ಬೆವರಿನ ನಾಳದಿಂದ ಹುಟ್ಟುವ ಪೋರೋಮಾ ಎಂಬ ಗಂಟು ಅಂಗಾಲಿನಲ್ಲಿ ಮತ್ತು ಪಾದದ ಬದಿಯಲ್ಲಿ ನಡುವಯಸ್ಸಿನ ನಂತರ ಕಾಣಿಸಿಕೊಳ್ಳುತ್ತದೆ. ಕೆಂಪಗೆ, ಮೆತ್ತಗೆ ಇರುತ್ತದೆ. ಸುತ್ತಲೂ ಕಂದಕ ತೋಡಿದಂತೆ ಒಂದು ತಗ್ಗು ಇರುವುದುಂಟು. ತಾಗಿದರೆ ರಕ್ತ ಒಸರುತ್ತದೆ. ಸಾಮಾನ್ಯವಾಗಿ ಇದು ನಿರಪಾಯಕಾರಿಯಾದರೂ ಅಪರೂಪಕ್ಕೊಮ್ಮೆ ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ಇರುವುದರಿಂದ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ.

ಕೆಲವೇ ವಾರಗಳಲ್ಲಿ ಕೆಂಪು ಮಣಿಯಂತೆ ಬೆಳೆದು, ಕಾಲುಚೀಲ ತಾಗಿದರೂ ರಕ್ತ ಸುರಿಸುವ ಇನ್ನೊಂದು ಗಂಟಿದೆ. ಪಯೋಜೆನಿಕ್ ಗ್ರಾನ್ಯುಲೋಮಾ ಎಂದು ಅದರ ಹೆಸರು. ಹೆಸರು ಕೇಳಿದರೆ ಕೀವು ತುಂಬಿದ ಗಂಟು ಎನಿಸುತ್ತದೆ. ವಾಸ್ತವದಲ್ಲಿ ಅದು ಸಣ್ಣ ರಕ್ತನಾಳಗಳ ಗೊಂಚಲು. ಉಗುರು ಮಾಂಸದೊಳಗೆ ಬೆಳೆದ ಜಾಗದಲ್ಲಿ, ಮುಳ್ಳು ಚುಚ್ಚಿದ ಕಡೆ, ಗರ್ಭಿಣಿಯರಲ್ಲಿ ಇದು ಕಾಣಿಸುವುದುಂಟು. ಉಗುರನ್ನು ಮೂಲೆಗಳವರೆಗೆ ಗುಂಡಗೆ ಕತ್ತರಿಸದೆ ನೇರವಾಗಿ ಕತ್ತರಿಸುವ ಅಭ್ಯಾಸ ಮಾಡಿಕೊಂಡರೆ ಉಗುರು ಒಳಬೆಳೆಯುವುದನ್ನು ಬಹಳಮಟ್ಟಿಗೆ ತಡೆಯಬಹುದು.

ಹುಡುಗ ಹುಡುಗಿಯರ ಹೆಬ್ಬೆರಳಿನ ಉಗುರಿನ ಕೆಳಗೆ ಗಟ್ಟಿಯಾದ ಗಂಟು ಎದ್ದು ಉಗುರನ್ನು ಮೇಲಕ್ಕೆತ್ತುತ್ತಿದ್ದರೆ ಅದು ಚರ್ಮದ್ದಲ್ಲದೆ ಮೂಳೆಯ ಬೆಳವಣಿಗೆಯೇ ಇರಬಹುದು. ಒಂದು ಎಕ್ಸ್‌ರೇ ಸಾಕು, ವಿಷಯ ತಿಳಿಯುತ್ತದೆ. ಎಕ್ಸ್‌ರೇ ತೆಗೆಸದೆ ವರ್ಷಾನುಗಟ್ಟಲೆ ನರಹುಲಿಯ ಮದ್ದು ಹಚ್ಚಿದರೆ ಮೂಳೆ ಕರಗುವುದುಂಟೇ?

ಇನ್ನೊಂದು ಬಗೆ ನೋಡಲು ವಿಚಿತ್ರ. ನಿಂತಾಗ ಹಿಮ್ಮಡಿಯ ಬದಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ, ಕಾಲೆತ್ತಿದ ಕೂಡಲೇ ಮಾಯವಾಗುತ್ತವೆ. ಹಿಮ್ಮಡಿಯೊಳಗಿನ ಮೆತ್ತನೆಯ ಕೊಬ್ಬು ಮೈಭಾರಕ್ಕೆ ಒತ್ತಿ ಹೊರಕ್ಕೆ ಉಬ್ಬುವುದೇ ಇದಕ್ಕೆ ಕಾರಣ. ನೋವಿಲ್ಲದಿದ್ದರೆ ಇದಕ್ಕೆ ಯಾವ ಚಿಕಿತ್ಸೆಯೂ ಬೇಡ. ನೋವಿದ್ದರೆ ಮೆತ್ತನೆಯ ಹಿಮ್ಮಡಿಯಿರುವ ಪಾದರಕ್ಷೆ ಧರಿಸಿ, ತುಂಬಾ ಹೊತ್ತು ನಿಲ್ಲುವುದನ್ನು ಕಡಿಮೆ ಮಾಡಿ.

ಎರಡೂ ಅಂಗಾಲುಗಳಲ್ಲಿ ಮತ್ತು ಅಂಗೈಗಳಲ್ಲಿ ಒಟ್ಟೊಟ್ಟಿಗೆ ಸಣ್ಣ ಆಣಿಗಳಂತೆ ಹತ್ತಾರು ಗಟ್ಟಿ ಗಂಟುಗಳು ಎದ್ದರೆ ಕುಡಿಯುವ ನೀರಿನ ಬಗ್ಗೆಯೂ ಯೋಚಿಸಬೇಕಾಗುತ್ತದೆ. ಆರ್ಸೆನಿಕ್ ಬೆರೆತ ಕೊಳವೆಬಾವಿಯ ನೀರನ್ನು ವರ್ಷಾನುಗಟ್ಟಲೆ ಕುಡಿದವರಲ್ಲಿ ಹೀಗಾಗುತ್ತದೆ. ಬಾಂಗ್ಲಾದೇಶ ಮತ್ತು ಪಶ್ಚಿಮ ಬಂಗಾಳದಲ್ಲಿ ಇದು ದೊಡ್ಡ ಸಮಸ್ಯೆ. ನಮ್ಮ ಯಾದಗಿರಿ ಜಿಲ್ಲೆಯ ಹಳೆಯ ಚಿನ್ನದ ಗಣಿ ಪ್ರದೇಶದ ಕಿರದಳ್ಳಿ ತಾಂಡಾದಲ್ಲೂ ಇಂತಹ ಚರ್ಮದ ತೊಂದರೆಯನ್ನು ವಿಜ್ಞಾನಿಗಳು 2013ರಲ್ಲಿ ವರದಿ ಮಾಡಿದ್ದಾರೆ. ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಕಾರಣ ಇದನ್ನು ಸಾಮಾನ್ಯ ಆಣಿಯೆಂದು ಬಿಡುವಂತಿಲ್ಲ.

ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ?

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಆದರೆ ಅಂಗಾಲಿನ ಹುಣ್ಣಿಗೆ ಕನ್ನಡಿ ಬೇಕೇ ಬೇಕು. ಕಾಲನ್ನು ಸೋಪಿನಿಂದ ತೊಳೆದು ಒರೆಸಿ, ಹಗಲು ಬೆಳಕಿನಲ್ಲಿ ಕುಳಿತು, ಕೆಳಗೊಂದು ಕನ್ನಡಿ ಹಿಡಿದು ನೋಡಿ. ಇಲ್ಲವೇ ಮಗಳಿಂದ ಮೊಬೈಲಿನಲ್ಲಿ ಒಂದು ಫೋಟೋ ತೆಗೆಸಿ ದೊಡ್ಡದು ಮಾಡಿ ನೋಡಿ. ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಚರ್ಮದ ಗೆರೆಗಳು ಗಂಟಿನ ಮೇಲೆ ಹಾಯುತ್ತವೆಯೇ, ಸುತ್ತಿ ಹೋಗುತ್ತವೆಯೇ? ಹಾದುಹೋದರೆ ದಡ್ಡು. ಸುತ್ತಿ ಹೋಗಿ, ಒಳಗೆ ಕಪ್ಪು ಚುಕ್ಕೆಗಳೂ ಇದ್ದರೆ ನರಹುಲಿ ಇರಬಹುದು.

ನೋವು ಯಾವಾಗ? ನೇರವಾಗಿ ಬೆರಳಿನಿಂದ ಒತ್ತಿದಾಗ ಹೆಚ್ಚು ನೋಯುವುದು ಆಣಿ. ಎರಡು ಬದಿಗಳಿಂದ ಹಿಡಿದು ಚಿವುಟಿದಾಗ ಹೆಚ್ಚು ನೋಯುವುದು ನರಹುಲಿ. ಇದು ನೂರಕ್ಕೆ ನೂರು ನಂಬಬಹುದಾದ ಪರೀಕ್ಷೆಯಲ್ಲ. ಆದರೂ ದಾರಿ ತೋರಿಸುತ್ತದೆ.

ಎಲ್ಲಿದೆ? ಮೂಳೆ ಉಬ್ಬಿರುವಲ್ಲಿ, ಚಪ್ಪಲಿ ಉಜ್ಜುವಲ್ಲಿ ಇದ್ದರೆ ಆಣಿ ಅಥವಾ ದಡ್ಡು. ನರಹುಲಿ ಎಲ್ಲಿ ಬೇಕಾದರೂ ಏಳಬಹುದು.

ಇವು ಮೂರಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಊಹೆ ಮಾಡುತ್ತಾ ಕೂರಬೇಡಿ. ಚರ್ಮರೋಗ ತಜ್ಞರು ಗಂಟಿನ ಮೇಲ್ಪದರವನ್ನು ನವಿರಾಗಿ ಕೆತ್ತಿ ನೋಡುತ್ತಾರೆ. ಡರ್ಮಟೋಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿಯಿಂದ ಪರೀಕ್ಷಿಸುತ್ತಾರೆ. ಸಂಶಯವಿದ್ದರೆ ಸಣ್ಣ ತುಣುಕು ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ. ಬಯಾಪ್ಸಿ ಎಂದ ಕೂಡಲೇ ಕ್ಯಾನ್ಸರ್ ಎಂದು ಅಳುವ ಅಗತ್ಯವಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದು ಅಲ್ಲ ಎಂದು ಖಚಿತಪಡಿಸಿಕೊಳ್ಳುವುದಕ್ಕಾಗಿಯೇ ಈ ಪರೀಕ್ಷೆ.

ಇವನ್ನು ಮಾಡಲೇಬೇಡಿ

ಗೇರುಬೀಜದ ಸಿಪ್ಪೆಯ ಎಣ್ಣೆ, ಸುಣ್ಣ ಮತ್ತು ಸೋಪಿನ ಮಿಶ್ರಣ, ಬ್ಯಾಟರಿಯ ಆಸಿಡ್, ಉರಿಯುವ ಊದುಬತ್ತಿ ಇವೆಲ್ಲ ಚರ್ಮವನ್ನು ಸುಡುತ್ತವೆ. ಇವಕ್ಕೆ ಗಂಟು ಯಾವುದು, ಒಳ್ಳೆಯ ಚರ್ಮ ಯಾವುದು ಎಂದು ಗೊತ್ತಿಲ್ಲ. ಗಂಟಿನ ಜೊತೆ ಸುತ್ತಲಿನದ್ದೂ ಬೆಂದು ಹುಣ್ಣಾಗುತ್ತದೆ. ಅಂಗಾಲಿನಲ್ಲಿ ಹುಣ್ಣು ವಾಸಿಯಾಗಿ ಕಲೆ ಕಟ್ಟಿದರೆ ಆ ಕಲೆಯೇ ಮುಂದೆ ಪ್ರತಿ ಹೆಜ್ಜೆಗೂ ನೋಯುತ್ತದೆ. ಗಂಟಿಗೆ ಕೂದಲು ಅಥವಾ ದಾರ ಬಿಗಿದು ಕಟ್ಟುವುದರಿಂದ ಕೀವಾಗುತ್ತದೆ. ಗಂಡ ಗಡ್ಡ ಹೆರೆದು ಇಟ್ಟ ಬ್ಲೇಡಿನಿಂದ ಕಾಲು ಕೆತ್ತಿಕೊಳ್ಳುವುದಂತೂ ಸೋಂಕನ್ನು ಕೈಯಾರೆ ಕರೆದು ತಂದಂತೆ.

ಅಂಗಡಿಯ ಆಣಿ ಪ್ಲಾಸ್ಟರಿನ ಬಗ್ಗೆಯೂ ಎಚ್ಚರವಿರಲಿ. ಅದರಲ್ಲಿ ಸಾಲಿಸಿಲಿಕ್ ಆಸಿಡ್ ಇರುತ್ತದೆ. ದಪ್ಪ ಚರ್ಮವನ್ನು ಮೆತ್ತಗೆ ಮಾಡಿ ಪದರ ಪದರವಾಗಿ ಬಿಡಿಸುವುದು ಅದರ ಕೆಲಸ. ಸರಿಯಾದ ಅಳತೆಗೆ ಕತ್ತರಿಸಿ ಗಂಟಿನ ಮೇಲೆ ಮಾತ್ರ ಬೀಳುವಂತೆ ಹಚ್ಚಿದರೆ ಪ್ರಯೋಜನವಿದೆ. ಅಗಲವಾಗಿ ಅಂಟಿಸಿ ಮರೆತುಬಿಟ್ಟರೆ ಒಳ್ಳೆಯ ಚರ್ಮವೂ ಬೆಳ್ಳಗೆ ಕೊಳೆತಂತಾಗುತ್ತದೆ. ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು.

ಸಕ್ಕರೆ ಕಾಯಿಲೆ ಇರುವವರು ಈ ಪ್ಲಾಸ್ಟರನ್ನಾಗಲೀ ಬ್ಲೇಡನ್ನಾಗಲೀ ಮುಟ್ಟಲೇಬಾರದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿ ಮಧುಮೇಹಿಗಳಿದ್ದಾರೆ. ಹಾಗಿರುವಾಗ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಬ್ಬರು ಇದ್ದೇ ಇರುತ್ತಾರೆ. ಮಧುಮೇಹ ಹಳತಾದಂತೆ ಪಾದದ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ. ನೋವೇ ತಿಳಿಯುವುದಿಲ್ಲ. ಅವರ ಅಂಗಾಲಿನ ದಡ್ಡಿನ ಕೆಳಗೆ ಹುಣ್ಣು ಬೆಳೆಯುತ್ತಿದ್ದರೂ ಗೊತ್ತಾಗುವುದಿಲ್ಲ. ಗಾಯ ಬೇಗ ಒಣಗುವುದೂ ಇಲ್ಲ. ಸಣ್ಣ ಆಣಿ ಕೆತ್ತಲು ಹೋಗಿ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವ ಸ್ಥಿತಿ ಬರುವುದು ಹೀಗೆಯೇ. ಮನೆಯ ಹಿರಿಯರ ಕಾಲನ್ನು ದಿನಕ್ಕೊಮ್ಮೆ ನೋಡುವ ಕೆಲಸವನ್ನು ಮಕ್ಕಳಿಗೆ ವಹಿಸಿ. ಹಿರಿಯರಿಗೂ ಸಂತೋಷ, ಮಕ್ಕಳಿಗೂ ಒಳ್ಳೆಯ ಅಭ್ಯಾಸ.

ಚಿಕಿತ್ಸೆ ಏನು?

ಆಣಿಗೆ ಮುಖ್ಯ ಚಿಕಿತ್ಸೆ ಒತ್ತಡ ತಪ್ಪಿಸುವುದು. ವೈದ್ಯರು ಆಣಿಯನ್ನು ಕೆತ್ತಿ ತೆಗೆದು ಆ ದಿನವೇ ನೋವು ಕಡಿಮೆ ಮಾಡಬಹುದು. ಆದರೆ ಅದೇ ಬಿಗಿ ಚಪ್ಪಲಿ ಧರಿಸಿದರೆ ಕೆಲವು ತಿಂಗಳಲ್ಲಿ ಅದೇ ಜಾಗದಲ್ಲಿ ಅದೇ ಆಣಿ. ಮದುವೆಗೆಂದು ಕೊಂಡ ಚೂಪು ತುದಿಯ ಎತ್ತರದ ಹಿಮ್ಮಡಿಯ ಚಪ್ಪಲಿಯನ್ನು ಮದುವೆಗಷ್ಟೇ ಇಟ್ಟುಕೊಳ್ಳಿ. ಪಾದರಕ್ಷೆಯನ್ನು ಸಂಜೆಯ ಹೊತ್ತಿಗೆ ಕೊಳ್ಳಿ, ಆಗ ಕಾಲು ಸ್ವಲ್ಪ ಊದಿಕೊಂಡಿರುವುದರಿಂದ ಸರಿಯಾದ ಅಳತೆ ಸಿಗುತ್ತದೆ. ಅಡುಗೆ ಮನೆಯೊಳಗೆ ಧರಿಸಲು ಒಂದು ಜೊತೆ ಮೆತ್ತನೆಯ ರಬ್ಬರ್ ಚಪ್ಪಲಿ ಪ್ರತ್ಯೇಕ ಇರಲಿ.

ನರಹುಲಿಯಾದರೆ ಸಾಲಿಸಿಲಿಕ್ ಆಸಿಡ್ ಮದ್ದನ್ನು ದಿನವೂ ತಾಳ್ಮೆಯಿಂದ ಸುಮಾರು 3 ತಿಂಗಳು ಹಚ್ಚಬೇಕಾಗುತ್ತದೆ. ಸೊನ್ನೆಗಿಂತ 196 ಡಿಗ್ರಿ ಕೆಳಗೆ ತಣ್ಣಗಿರುವ ದ್ರವ ಸಾರಜನಕದಿಂದ ಗಂಟನ್ನು ಹೆಪ್ಪುಗಟ್ಟಿಸುವ ವಿಧಾನವೂ ಇದೆ. ದುಬಾರಿ ಚಿಕಿತ್ಸೆಯೇ ಹೆಚ್ಚು ಗುಣ ಕೊಡುತ್ತದೆ ಎಂದು ತಿಳಿಯಬೇಡಿ. ಬ್ರಿಟನ್ನಿನಲ್ಲಿ ಅಂಗಾಲಿನ ನರಹುಲಿಯಿದ್ದ 240 ಮಂದಿಯ ಮೇಲೆ ಈ ಎರಡು ವಿಧಾನಗಳನ್ನು ಹೋಲಿಸಿ ನೋಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. 12 ವಾರಗಳ ನಂತರ ಎರಡೂ ಗುಂಪುಗಳಲ್ಲಿ ಪೂರ್ತಿ ಗುಣವಾದವರು ನೂರಕ್ಕೆ 14 ಮಂದಿ ಮಾತ್ರ! ನರಹುಲಿ ಹಟಮಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನೋವು ಕೊಡದ ಮಗುವಿನ ನರಹುಲಿಯನ್ನು ಸುಮ್ಮನೆ ಬಿಟ್ಟು ಕಾಯುವುದೂ ಒಂದು ಚಿಕಿತ್ಸೆಯೇ. ಅದುವರೆಗೆ ಮಗುವಿಗೆ ಪ್ರತ್ಯೇಕ ಟವೆಲ್ ಮತ್ತು ಚಪ್ಪಲಿ ಕೊಡಿ. ಕೆರೆಯದಂತೆ, ಕಚ್ಚದಂತೆ ನೋಡಿಕೊಳ್ಳಿ. ಆಟಕ್ಕೆ ಸೇರಿಸದೆ ದೂರವಿಡುವ ಅಗತ್ಯವಿಲ್ಲ.

ತಡಮಾಡಬಾರದ ಲಕ್ಷಣಗಳು

ಇದುವರೆಗೆ ಹೇಳಿದ್ದು ಸಾಧಾರಣ ಗಂಟನ್ನು ನರಹುಲಿಯೆಂದು ಹೆದರುವ ಬಗ್ಗೆ. ಇದರ ತಿರುವುಮುರುವೂ ಇದೆ. ಕ್ಯಾನ್ಸರನ್ನೇ ನರಹುಲಿಯೆಂದೋ ಹಳೆಯ ಗಾಯವೆಂದೋ ತಿಳಿದು ಸುಮ್ಮನಿರುವುದು. ಇದು ಅಪರೂಪ. ಆದರೆ ಬೆಲೆ ದೊಡ್ಡದು. ಜಮೈಕಾದ ಪ್ರಸಿದ್ಧ ಗಾಯಕ ಬಾಬ್ ಮಾರ್ಲೆಯ ಕಾಲಿನ ಹೆಬ್ಬೆರಳಿನ ಉಗುರಿನ ಕೆಳಗಿನ ತೊಂದರೆಯನ್ನು ಫುಟ್‌ಬಾಲ್ ಆಟದ ಗಾಯವೆಂದೇ ಭಾವಿಸಲಾಗಿತ್ತು. ಅದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಎಂದು 1977ರಲ್ಲಿ ತಿಳಿಯಿತು. 1981ರಲ್ಲಿ, ಕೇವಲ 36ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ನಮ್ಮಂತಹ ಕಂದು ಚರ್ಮದವರಿಗೆ ಮೆಲನೋಮಾ ಬರುವುದು ಕಡಿಮೆ. ಬಂದರೆ ಮಾತ್ರ ಅಂಗಾಲಿನಲ್ಲಿ ಅಥವಾ ಉಗುರಿನಡಿಯಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಅಂಗಾಲಿನಲ್ಲಿ ನಿಧಾನವಾಗಿ ನರಹುಲಿಯಂತೆಯೇ ಬೆಳೆದು ದುರ್ವಾಸನೆ ಬೀರುವ ಇನ್ನೊಂದು ಬಗೆಯ ಕ್ಯಾನ್ಸರೂ ಇದೆ.

ಆದ್ದರಿಂದ ಈ ಕೆಳಗಿನ ಯಾವುದೇ ಲಕ್ಷಣ ಕಂಡರೆ ಮುಂದಿನ ತಿಂಗಳಿಗೆ ಮುಂದೂಡಬೇಡಿ. ಗಂಟು ತಾನಾಗಿಯೇ ರಕ್ತ ಒಸರುವುದು, ಒಡೆದು ಹುಣ್ಣಾಗಿ ಒಣಗದಿರುವುದು. ಕೆಲವೇ ವಾರಗಳಲ್ಲಿ ಬೇಗ ಬೇಗ ಬೆಳೆಯುವುದು. ಕಪ್ಪು ಬಣ್ಣ ಗಂಟಿನ ಆಚೆಗೂ ಚರ್ಮಕ್ಕೆ ಹರಡುವುದು. ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿ ಅಗಲವಾಗುತ್ತಿರುವುದು. ನಡುವಯಸ್ಸು ದಾಟಿದ ಮೇಲೆ ಮೊದಲ ಬಾರಿಗೆ ಒಂಟಿ "ನರಹುಲಿ" ಕಾಣಿಸಿಕೊಳ್ಳುವುದು. 3 ತಿಂಗಳು ಸರಿಯಾಗಿ ಮದ್ದು ಮಾಡಿದರೂ ಏನೂ ಬದಲಾಗದಿರುವುದು.

ಮದರಂಗಿ ಹಚ್ಚುವವರಿಗೆ ಒಂದು ಕಿವಿಮಾತು. ಅಂಗಾಲು ಮತ್ತು ಉಗುರಿಗೆ ಮದರಂಗಿ ಹಚ್ಚಿದರೆ ಚರ್ಮದ ಬಣ್ಣದ ಬದಲಾವಣೆ ಅದರಡಿ ಮರೆಯಾಗುತ್ತದೆ. ದಪ್ಪ ಚರ್ಮದ ಮೇಲೆ ಬಣ್ಣ ಹೆಚ್ಚು ಗಾಢವಾಗಿ ಕೂರುವುದರಿಂದ ವೈದ್ಯರಿಗೂ ಗುರುತಿಸುವುದು ಕಷ್ಟ. ಸಂಶಯದ ಗಂಟಿದ್ದರೆ ಮೊದಲು ತೋರಿಸಿ, ಆಮೇಲೆ ಮದರಂಗಿ.

ದಿನಕ್ಕೆ ಐದು ಬಾರಿ ವುಝೂ ಮಾಡುವಾಗ ನಾವು ಪಾದ ತೊಳೆಯುತ್ತೇವೆ, ಬೆರಳುಗಳ ಸಂದಿಗೂ ನೀರು ತಲುಪಿಸುತ್ತೇವೆ. ಪಾದವನ್ನು ಇಷ್ಟು ಬಾರಿ ಮುಟ್ಟುವ ಅವಕಾಶ ಎಷ್ಟು ಜನರಿಗಿದೆ? ಕೈ ಅಭ್ಯಾಸಬಲದಿಂದ ಓಡುತ್ತದೆ, ಕಣ್ಣು ಮಾತ್ರ ಬೇರೆಲ್ಲೋ ಇರುತ್ತದೆ. ಅವುಗಳಲ್ಲಿ ಒಂದು ಬಾರಿಯಾದರೂ ಕಣ್ಣನ್ನೂ ಅಲ್ಲಿಗೆ ಕಳುಹಿಸಿ. ತೊಳೆದ ನಂತರ ಸಂದಿಗಳನ್ನು ಒಣ ಬಟ್ಟೆಯಿಂದ ಒರೆಸಿ. ನಿನ್ನೆ ಇಲ್ಲದ ಗಂಟು ಇಂದು ಕಂಡರೆ ಅದಕ್ಕೆ ನೀವೇ ಹೆಸರಿಡಬೇಡಿ. ಹೆಸರಿಡುವ ಕೆಲಸವನ್ನು ವೈದ್ಯರಿಗೆ ಬಿಡಿ. ಮನೆಮಂದಿಯನ್ನೆಲ್ಲ ಹೊತ್ತು ನಡೆಯುವ ಆ ಎರಡು ಪಾದಗಳಿಗೆ ತಿಂಗಳಿಗೊಮ್ಮೆ ಐದು ನಿಮಿಷ ಕೊಡುವುದು ಖಂಡಿತ ಹೆಚ್ಚಾಗಲಾರದು.